ಸಿಹಿ ವೈನ್ ಮಾಡೋದು ಹೇಗೆ: ಸಕ್ಕರೆ ಸುರಿಯುವ ಮೊದಲು ಇದನ್ನು ಓದಿ

ಹೋದ ವರ್ಷ ಮೇ ತಿಂಗಳಲ್ಲಿ, ರಾತ್ರಿ ಎರಡು ಗಂಟೆಗೆ, ನಮ್ಮ ಅಡುಗೆಮನೆಯಲ್ಲಿ ಬಾಟಲಿ ಸಿಡಿಯಿತು. ಅರ್ಧ ಲೀಟರಿನದು ಅಷ್ಟೇ, ಆದರೆ ಗೋಡೆ ತುಂಬ ನೇರಳೆ ಬಣ್ಣ, ಮೇಲೆ ಅವ್ವನ ಬೈಗುಳ. ತಪ್ಪು ನನ್ನದೇ. ವೈನ್ ಸಿಹಿ ಸಾಲದು ಅನಿಸಿ ಸಕ್ಕರೆ ಪಾಕ ಸುರಿದು ಬಿರಡೆ ಬಿಗಿದಿದ್ದೆ, ಒಳಗೆ ಯೀಸ್ಟ್ ಇನ್ನೂ ಬದುಕಿದೆ ಅನ್ನೋದು ತಲೆಗೇ ಬರಲಿಲ್ಲ. ಹುಬ್ಬಳ್ಳಿಯ ಬೇಸಿಗೆಯಲ್ಲಿ ಅದಕ್ಕೆ ಹಬ್ಬದೂಟ ಬಡಿಸಿದ ಹಾಗಾಯಿತು.

ಮೊದಲೇ ಹೇಳಿಬಿಡ್ತೀನಿ. ಭಟ್ಟಿ ಇಳಿಸೋದು, ಪರವಾನಗಿ ಇಲ್ಲದೆ ಮಾರೋದು ಅಪರಾಧ. ವೈನ್‌ಗೆ ಕೈ ಹಾಕುವ ಮುಂಚೆಯೂ ಅಬಕಾರಿ ಕಚೇರಿಯಲ್ಲಿ ನಿಯಮ ಕೇಳಿಕೊಳ್ಳಿ.

ಈಗ ಲೆಕ್ಕ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ತಿಂದರೆ ಯೀಸ್ಟ್ ಶೇ. 1ರಷ್ಟು ಆಲ್ಕೋಹಾಲ್ ಕೊಡುತ್ತದೆ. ತಿನ್ನದೆ ಬಿಟ್ಟದ್ದೇ ನಿಮ್ಮ ಸಿಹಿ. ಅಂದರೆ ಸಿಹಿ ವೈನ್ ಮಾಡೋದು ಅಂದ್ರೆ ಯೀಸ್ಟ್ ಪೂರ್ತಿ ತಿನ್ನದ ಹಾಗೆ ನೋಡಿಕೊಳ್ಳೋದು. ಅದನ್ನು ಯಾವ ದಾರಿಯಲ್ಲಿ ಮಾಡ್ತೀರಿ ಅನ್ನೋದರ ಮೇಲೆ ರುಚಿ, ವಾಸನೆ, ಬಾಳಿಕೆ ಎಲ್ಲ ನಿಂತಿದೆ.

ನನಗೆ ಇಷ್ಟವಾದದ್ದು ಒಣಗಿಸುವ ದಾರಿ. ಫೆಬ್ರುವರಿ, ಮಾರ್ಚ್‌ನಲ್ಲಿ ವಿಜಯಪುರದ ದ್ರಾಕ್ಷಿ ನಮ್ಮ ಮಾರ್ಕೆಟ್ಟಿಗೆ ಬರುತ್ತದಲ್ಲ, ಅದರಲ್ಲಿ ಒಡಕು, ಕೊಳೆತದ್ದು ತೆಗೆದು 5 ಕೆಜಿ ತೂಗಿ. ಹಣ್ಣಿನ ಸಿಹಿ ಸುಮಾರು 20 ಬ್ರಿಕ್ಸ್ ಇದೆ ಅಂದುಕೊಳ್ಳಿ, ಅಂದರೆ 100 ಗ್ರಾಂ ರಸದಲ್ಲಿ ಸುಮಾರು 20 ಗ್ರಾಂ ಸಕ್ಕರೆ. ನೆರಳಲ್ಲಿ, ಗಾಳಿ ಆಡುವಲ್ಲಿ, ಜಾಳಿಗೆಯ ಮೇಲೆ ಹರಡಿ, ಮೇಲೆ ತೆಳು ಅರಿವೆ ಮುಚ್ಚಿ. ದಿನ ಎಣಿಸಬೇಡಿ, ತೂಕ ನೋಡಿ. 3 ಕೆಜಿಗೆ ಇಳಿದಾಗ ಸಿಹಿ 33 ಬ್ರಿಕ್ಸ್ ಹತ್ತಿರ ಬಂದಿರುತ್ತದೆ, ಅಂದರೆ ಹಿಂಡಿದ ರಸದಲ್ಲಿ ಲೀಟರಿಗೆ ಸುಮಾರು 375 ಗ್ರಾಂ ಸಕ್ಕರೆ. ಯೀಸ್ಟ್ ಶೇ. 14ಕ್ಕೆ ಸುಸ್ತಾಗಿ ನಿಂತರೆ 238 ಗ್ರಾಂ ಖರ್ಚು, ಸುಮಾರು 140 ಗ್ರಾಂ ಉಳಿಕೆ. ಹೊರಗಿನ ಸಕ್ಕರೆ ಒಂದು ಚಮಚವೂ ಬೇಡ.

ಇದರಲ್ಲಿ ಬರೀ ಸಕ್ಕರೆ ಗಟ್ಟಿಯಾಗೋದಲ್ಲ, ಹುಳಿಯೂ ಪರಿಮಳವೂ ಜೊತೆಗೇ ಗಟ್ಟಿಯಾಗುತ್ತವೆ. ಬಿಸಿಲಿಗೂ ನೆರಳಿಗೂ ಭಾರೀ ವ್ಯತ್ಯಾಸ ಇದೆ. ಸ್ಪೇನಿನ ದಕ್ಷಿಣದಲ್ಲಿ ಪೆಡ್ರೋ ಹಿಮೆನೆಸ್ ದ್ರಾಕ್ಷಿಯನ್ನು ಚಾಪೆಯ ಮೇಲೆ ಬಿಸಿಲಲ್ಲೇ ಒಣಗಿಸ್ತಾರೆ, ಆಮೇಲೆ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡ್ತಾರೆ. ಹಾಗಾಗಿ ವೈನ್ ಕಪ್ಪಗೆ, ಅಂಜೂರ, ಕಾಫಿ ವಾಸನೆ. ಇಟಲಿಯ ರೆಚೋತೋ ಅನ್ನುವ ಸಿಹಿ ವೈನ್‌ಗೆ ಹಣ್ಣನ್ನು ಅಟ್ಟದ ಗಾಳಿಯಲ್ಲಿ ತಿಂಗಳುಗಟ್ಟಲೆ ಬಾಡಿಸ್ತಾರೆ, ಹಣ್ಣಿನ ತಾಜಾತನ ಉಳಿಯುತ್ತದೆ. ನಮ್ಮ ಬಿಸಿಲಿಗೆ ನೆರಳೇ ಸರಿ.

ಅಂಗಡಿಯ ಮಣೂಕ ತಂದು ನೆನೆಸಿ ಮಾಡಿದರೆ ಆಗಲ್ವಾ ಅಂತ ಕೇಳ್ತೀರಿ. ಆಗುತ್ತದೆ, ಆದರೆ ಬೇಗ ಒಣಗಲಿ ಅಂತ ಆ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್, ಈಥೈಲ್ ಓಲಿಯೇಟ್ ಕಲಸಿದ ನೀರಲ್ಲಿ ಅದ್ದಿರ್ತಾರೆ, ಬಂಗಾರದ ಬಣ್ಣದ್ದಕ್ಕೆ ಗಂಧಕದ ಹೊಗೆಯೂ ಬಿದ್ದಿರಬಹುದು, ಅದು ಜಾಸ್ತಿ ಇದ್ದರೆ ಯೀಸ್ಟ್ ಏಳೋದೇ ಇಲ್ಲ. ಬೂಸ್ಟು ಹಿಡಿದ ಹಣ್ಣಂತೂ ಬೇಡವೇ ಬೇಡ. ಫ್ರಾನ್ಸಿನ ಸೊತೆರ್ನ್, ಹಂಗೇರಿಯ ತೊಕಾಯ್ ಸಿಹಿ ವೈನ್ ಬೂಸ್ಟು ಹಿಡಿದ ಹಣ್ಣಿನದೇ, ನಿಜ. ಆದರೆ ಅದು ಬೊಟ್ರೈಟಿಸ್ ಅನ್ನುವ ಒಂದೇ ಜಾತಿಯ ಬೂಸ್ಟು, ಬೆಳಿಗ್ಗೆ ಮಂಜು, ಮಧ್ಯಾಹ್ನ ಬಿಸಿಲು ಸಿಗುವಲ್ಲಿ ಮಾತ್ರ ಅದು ಒಳ್ಳೆಯ ಕೆಲಸ ಮಾಡುತ್ತದೆ. ನಮ್ಮ ಬುಟ್ಟಿಯ ಕಪ್ಪು ಬೂಸ್ಟಿನಲ್ಲಿ ವಿಷ ಇರಬಹುದು, ತಿಪ್ಪೆಗೆ ಹಾಕಿ.

ಒಣಗಿಸಿದ ಹಣ್ಣಿನ ಇಷ್ಟು ಸಿಹಿ ರಸದಲ್ಲಿ ಯೀಸ್ಟಿಗೆ ಉಸಿರು ಕಟ್ಟುತ್ತದೆ. ಆ ಸಂಕಟದಲ್ಲಿ ಗ್ಲಿಸರಾಲ್ ಜಾಸ್ತಿ ಮಾಡುತ್ತದೆ, ನಾಲಿಗೆಗೆ ಮಂದವಾಗಿ ಹತ್ತೋದಕ್ಕೆ ಅದೂ ಸ್ವಲ್ಪ ಕಾರಣ. ಜೊತೆಗೆ ಅಸಿಟಿಕ್ ಆ್ಯಸಿಡ್ ಕೂಡ ಮಾಡುತ್ತದೆ, ಅಂದರೆ ವಿನೆಗರ್ ವಾಸನೆ. ಇದನ್ನು ತಡೆಯೋಕೆ ವೈನ್ ಯೀಸ್ಟನ್ನೇ ತನ್ನಿ, ಬ್ರೆಡ್ಡಿನದು ಬೇಡ. ಮೊದಲು ಬೆಚ್ಚಗಿನ ನೀರಲ್ಲಿ ಎಬ್ಬಿಸಿ, ರಸವನ್ನು ಸ್ವಲ್ಪ ಸ್ವಲ್ಪವೇ ಕುಡಿಸಿ ರೂಢಿ ಮಾಡಿಸಿ, ಆಮೇಲೆ ಬರಣಿಗೆ ಹಾಕಿ. ಪೋಷಕಾಂಶಕ್ಕೆ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಹಾಕ್ತಾರೆ, ಆಹಾರಕ್ಕೆ ಬಳಸುವಂಥದ್ದು ಕಣ್ರೀ, ಗೊಬ್ಬರದಂಗಡಿಯ ಚೀಲ ಅಲ್ಲ! ಬರಣಿಗೆ ಒದ್ದೆ ಗೋಣಿತಟ್ಟು ಸುತ್ತಿ ತಂಪಾದ ಮೂಲೆಯಲ್ಲಿಡಿ. ಬಾಯಿಗೆ ಏರ್‌ಲಾಕ್ ಇರಲಿ, ಗ್ಯಾಸ್ ಹೊರಗೆ ಹೋಗಬೇಕು, ಗಾಳಿ ಒಳಗೆ ಬರಬಾರದು.

ಎರಡನೇ ದಾರಿ, ಫ್ರಿಜ್‌ನಲ್ಲಿಟ್ಟು ಯೀಸ್ಟನ್ನು ಅರ್ಧಕ್ಕೆ ನಿಲ್ಲಿಸೋದು. ರಸದಲ್ಲಿ ಲೀಟರಿಗೆ 240 ಗ್ರಾಂ ಸಕ್ಕರೆ ಇದ್ದು ಶೇ. 8ಕ್ಕೆ ನಿಲ್ಲಿಸಿದರೆ 100 ಗ್ರಾಂ ಚಿಲ್ಲರೆ ಉಳಿಯುತ್ತದೆ. ದ್ರಾಕ್ಷಿಯ ಎರಡು ಮುಖ್ಯ ಸಕ್ಕರೆಗಳಲ್ಲಿ ಯೀಸ್ಟಿಗೆ ಗ್ಲೂಕೋಸ್ ಅಂದರೆ ಮೊದಲ ಪ್ರೀತಿ, ಫ್ರಕ್ಟೋಸ್ ಹಿಂದೆ ಉಳಿಯುತ್ತದೆ. ಫ್ರಕ್ಟೋಸ್ ಜಾಸ್ತಿ ಸಿಹಿ. ಹಾಗಾಗಿ ಈ ವೈನ್ ಲೆಕ್ಕಕ್ಕಿಂತ ಸಿಹಿ ಅನಿಸುತ್ತದೆ, ಹಗುರವಾಗಿ, ಹೂವಿನ ಪರಿಮಳದಲ್ಲಿ ಬರುತ್ತದೆ, ಅದರಲ್ಲೂ ಮಸ್ಕಟ್ ಜಾತಿಯ ಹಣ್ಣಾದರೆ. ತೊಂದರೆ ಏನಂದ್ರೆ ಫ್ರಿಜ್ ಯೀಸ್ಟನ್ನು ಮಲಗಿಸುತ್ತದೆ ಅಷ್ಟೇ, ಕೊಲ್ಲಲ್ಲ. ವೈನರಿಗಳು ಸಣ್ಣ ಫಿಲ್ಟರಿನಲ್ಲಿ ಸೋಸಿ ತೆಗೀತಾರೆ. ಮನೆಯಲ್ಲಿ ಫ್ರಿಜ್‌ನಲ್ಲೇ ಇಟ್ಟು ಬೇಗ ಕುಡಿದು ಮುಗಿಸೋದು ಒಳ್ಳೆಯದು.

ಪೋರ್ಟ್ ವೈನಿನ ದಾರಿಯೂ ಇದೇ, ಆದರೆ ಅಲ್ಲಿ ಶೇ. 77ರ ದ್ರಾಕ್ಷಿ ಸ್ಪಿರಿಟ್ ಸುರಿದು ಯೀಸ್ಟನ್ನು ಕೊಂದೇ ಬಿಡ್ತಾರೆ, ಕೊನೆಗೆ ಶೇ. 20ರ ಆಸುಪಾಸು. ಬೇಗ ಕೆಡೋದಿಲ್ಲ. ಮನೆಯಲ್ಲಿ ಅದರ ಗೋಜು ಬೇಡ.

ಕೊನೆಯದು ನನ್ನ ಗೋಡೆ ಕೆಡಿಸಿದ ದಾರಿ, ಆದಮೇಲೆ ಸಿಹಿ ಸೇರಿಸೋದು. ಸರಿಯಾಗಿ ಮಾಡಿದರೆ ಕೆಟ್ಟದ್ದೇನಲ್ಲ. ವೈನ್ ಪೂರ್ತಿ ತಿಳಿಯಾಗಲಿ, ಗಸಿ ಬಿಟ್ಟು ಮೇಲಿನದನ್ನು ಬಸಿಯಿರಿ. ಲೀಟರಿಗೆ ಯೀಸ್ಟ್ ಹೆಚ್ಚಾಗದಂತೆ ತಡೆಯುವ ಪೊಟ್ಯಾಸಿಯಂ ಸೋರ್ಬೇಟ್ 0.2 ಗ್ರಾಂ, ಬ್ಯಾಕ್ಟೀರಿಯಾ ತಡೆಯುವ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) 0.1 ಗ್ರಾಂ, ಎರಡೂ ಒಟ್ಟಿಗೆ. ಸೋರ್ಬೇಟ್ ಒಂದನ್ನೇ ಹಾಕಿದರೆ ಬ್ಯಾಕ್ಟೀರಿಯಾ ಅದನ್ನು ಮುರಿದು ಜೆರೇನಿಯಂ ಎಲೆ ಹಿಚುಕಿದಂಥ ವಾಸನೆ ತರುತ್ತದೆ, ಆ ವಾಸನೆಗೆ ಮದ್ದಿಲ್ಲ. ನೊರೆ ಏಳುತ್ತಿರುವ ವೈನಿಗೆ ಸೋರ್ಬೇಟ್ ಹಾಕಿ ಪ್ರಯೋಜನವೂ ಇಲ್ಲ. ಅಸ್ತಮಾ ಇರುವವರಿಗೆ ಕೆಎಂಎಸ್ ಆಗಿಬರದೆ ಇರಬಹುದು, ಕೊಡುವ ಮುಂಚೆ ಹೇಳಿ.

ಸಿಹಿ ಎಷ್ಟು ಹಾಕಬೇಕು? ಅದು ಹುಳಿಗೆ ಬಿಟ್ಟದ್ದು. ಲಿಂಬಿ ಹಣ್ಣು ಕಡಿಮೆ ಬಿದ್ದ ಶರಬತ್ತು ಹೇಗಿರುತ್ತದೆ ಗೊತ್ತಲ್ಲ, ಬರೀ ಅಂಟು. ಥಾಮ್ಸನ್ ಥರದ ತಿನ್ನುವ ದ್ರಾಕ್ಷಿಯಲ್ಲಿ ಹುಳಿ ಸಾಮಾನ್ಯವಾಗಿ ಕಡಿಮೆ, ಟಾರ್ಟಾರಿಕ್ ಆ್ಯಸಿಡ್ ಸೇರಿಸಬೇಕಾಗುತ್ತದೆ. ಒಂದು ಲೋಟದಲ್ಲಿ ಮೊದಲು ಪರೀಕ್ಷೆ ಮಾಡಿ, ರುಚಿ ಕೂಡಿದ ಮೇಲೆ ಇಡೀ ಬರಣಿಗೆ. ಬಾಟಲಿಗೆ ಹಾಕುವ ಮುಂಚೆ ಹೈಡ್ರೋಮೀಟರ್ (ವೈನಿನಲ್ಲಿ ತೇಲಿ ಸಾಂದ್ರತೆ ತೋರಿಸುವ ಗಾಜಿನ ಕೊಳವೆ) ಬಿಟ್ಟು ಅಂಕಿ ಬರೆದಿಟ್ಟುಕೊಳ್ಳಿ, ಎರಡು ವಾರ ಏರ್‌ಲಾಕ್‌ನಲ್ಲೇ ಬಿಟ್ಟು ಮತ್ತೆ ನೋಡಿ. ಅಂಕಿ ಕೂದಲೆಳೆ ಇಳಿದಿದ್ದರೂ ಯೀಸ್ಟ್ ಇನ್ನೂ ತಿನ್ನುತ್ತಿದೆ ಅಂತಲೇ, ಬಿರಡೆ ಮುಟ್ಟಬೇಡಿ.