ಫಾರಂ ತುಂಬುವ ಮೊದಲು ಎರಡು ಸಂಜೆ ಕೂತು ನೋಡಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನದಿಂದ ಪಿಯುಸಿ ಫಾರಂ ತುಂಬಿಸಲು ಬರುವವರಿಗೆ ನನ್ನ ಅಂಗಡಿಯಲ್ಲಿ ಕುರ್ಚಿ ಸಾಲುವುದಿಲ್ಲ. ಕಲಬುರಗಿ ಬಸ್ ನಿಲ್ದಾಣದ ಹತ್ತಿರ ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಒಂದು ಕೂಲರ್. ಅಷ್ಟೇ ನನ್ನ ಆಸ್ತಿ. ಜೇವರ್ಗಿ, ಚಿತ್ತಾಪುರ, ಕಮಲಾಪುರದ ಕಡೆಯಿಂದ ಮೊದಲ ಬಸ್ಸಿಗೆ ಬಂದ ಅಪ್ಪಂದಿರು ಪ್ಲಾಸ್ಟಿಕ್ ಚೀಲದಿಂದ ಅಂಕಪಟ್ಟಿ ತೆಗೆದು ಮೇಜಿನ ಮೇಲಿಟ್ಟು, "ಸೈನ್ಸ್ ಹಾಕಿಬಿಡಿ" ಎನ್ನುತ್ತಾರೆ. ಸೈನ್ಸಿನಲ್ಲಿ ಯಾವುದು ಎಂದು ಕೇಳಿದರೆ ಅಪ್ಪ ಮಗಳ ಮುಖ ನೋಡುತ್ತಾರೆ, ಮಗಳು ಕೂಲರ್ ನೋಡುತ್ತಾಳೆ.

ನನ್ನನ್ನೂ ಹೀಗೆಯೇ ಹಾಕಿದ್ದರು. ಹತ್ತನೆಯಲ್ಲಿ ಒಳ್ಳೆಯ ಅಂಕ ಬಂದಿತ್ತೆಂಬ ಒಂದೇ ಕಾರಣಕ್ಕೆ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಸೇರಿ, ಪ್ರಥಮ ಪಿಯುಸಿ ಗಣಿತದಲ್ಲಿ ಬಿದ್ದು, ಒಂದು ವರ್ಷ ಮನೆಯಲ್ಲಿ ತೊಗರಿ ಹಸನು ಮಾಡುತ್ತಾ ಕೂತೆ. ಆಮೇಲೆ ಕಲಾ ವಿಭಾಗ. ಆ ವರ್ಷದ ಸಿಟ್ಟು ಇನ್ನೂ ಆರಿಲ್ಲ, ಅದಕ್ಕೇ ಫಾರಂ ತುಂಬಲು ಬಂದವರಿಗೆ ಕೇಳದಿದ್ದರೂ ಬುದ್ಧಿ ಹೇಳುತ್ತೇನೆ.

ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಆ ನಾಲ್ಕನ್ನು ಮುಂದೆ ಸೇರಬೇಕಾದ ಕೋರ್ಸಿನ ಬಾಗಿಲಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಎಂಜಿನಿಯರಿಂಗ್‌ಗೆ ಬೇಕಾದದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಸಿಇಟಿ ರ‍್ಯಾಂಕಿಗೆ ಆ ರಾಜ್ಯಮಟ್ಟದ ಪ್ರವೇಶ ಪರೀಕ್ಷೆಯ ಅಂಕ ಅರ್ಧ, ಈ ಮೂರರ ದ್ವಿತೀಯ ಪಿಯುಸಿ ಅಂಕ ಇನ್ನರ್ಧ. ನಾಲ್ಕನೆಯದು ಜೀವಶಾಸ್ತ್ರವೋ ಗಣಕ ವಿಜ್ಞಾನವೋ, ಆ ಲೆಕ್ಕಕ್ಕೆ ಬರುವುದಿಲ್ಲ. ಕಂಪ್ಯೂಟರ್ ಎಂಜಿನಿಯರ್ ಆಗಲು ಪಿಯುಸಿಯಲ್ಲೇ ಕಂಪ್ಯೂಟರ್ ಓದಿರಬೇಕು ಎಂದು ನಂಬಿ ಬರುವವರಿಗೆ ಇದನ್ನು ಎರಡು ಸಲ ಹೇಳಬೇಕಾಗುತ್ತದೆ. ವೈದ್ಯಕೀಯಕ್ಕೆ ಬೇರೆ ಪ್ರವೇಶ ಪರೀಕ್ಷೆ, ನೀಟ್; ಅಲ್ಲಿ ಗಣಿತದ ಪ್ರಶ್ನೆಪತ್ರಿಕೆಯೇ ಇಲ್ಲ. ಎರಡೂ ಬಾಗಿಲು ತೆರೆದಿರಲಿ ಎಂದು ಪಿಸಿಎಂಬಿ ತೆಗೆದುಕೊಳ್ಳುವುದು ತಪ್ಪಲ್ಲ, ಆದರೆ ಎರಡಕ್ಕೂ ಓದಬೇಕಾದದ್ದು ಒಂದೇ ತಲೆ. ಯಾವ ಕಡೆ ಹೋಗುವುದೆಂದು ದಸರಾ ರಜೆಯೊಳಗಾದರೂ ತೀರ್ಮಾನಿಸಿ.

ಗಣಿತಕ್ಕೆ ಹೆದರಿ ವಾಣಿಜ್ಯಕ್ಕೆ ಓಡಿ ಬರುವವರಿದ್ದಾರೆ. ಮೂಲ ಗಣಿತ ಆರಿಸದಿದ್ದರೆ ಅಲ್ಲಿ ತ್ರಿಕೋನಮಿತಿ ಇರುವುದಿಲ್ಲ ನಿಜ, ಆದರೆ ಲೆಕ್ಕಶಾಸ್ತ್ರಕ್ಕೆ ಅಚ್ಚುಕಟ್ಟು ಬೇಕು. ಒಂದು ಸಾಲು ತಪ್ಪಿದರೆ ಪುಟವೆಲ್ಲ ತಪ್ಪು. ಸಿಎ ಕನಸಿದ್ದರೆ ಇತಿಹಾಸದ ಬದಲು ಮೂಲ ಗಣಿತ ಅಥವಾ ಸಂಖ್ಯಾಶಾಸ್ತ್ರ ಇರುವ ಸಂಯೋಜನೆ ಹುಡುಕಿ, ಫೌಂಡೇಷನ್ ಪರೀಕ್ಷೆಯಲ್ಲಿ ಅವೆರಡೂ ಎದುರಾಗುತ್ತವೆ. ಕಲಾ ವಿಭಾಗವನ್ನು ಉಳಿದವರ ಪಾಲು ಎಂದು ಮೂಗು ಮುರಿಯುವವರನ್ನು ಕಂಡರೆ ನನಗಾಗದು. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗವಾದರೂ ನಡೆಯುತ್ತದೆ, ಕೆಎಎಸ್‌ಗೆ ಯಾವ ಪದವಿಯಾದರೂ ನಡೆಯುತ್ತದೆ. ಕೈಕೆಲಸದಲ್ಲಿ ಚುರುಕಿರುವ ಹುಡುಗರಿಗೆ ಪಿಯುಸಿಯೇ ಬೇಕೆಂದಿಲ್ಲ. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು.

ಈಗ ಎರಡು ಸಂಜೆಯ ವಿಷಯ. ಓಣಿಯಲ್ಲಿ ಪಿಯುಸಿ ಮುಗಿಸಿದವರಿಂದ ಪ್ರಥಮ ವರ್ಷದ ರಸಾಯನಶಾಸ್ತ್ರ ಮತ್ತು ಲೆಕ್ಕಶಾಸ್ತ್ರದ ಹಳೆಯ ಪುಸ್ತಕ ಕೇಳಿ ತನ್ನಿ. ಮೊದಲ ಸಂಜೆ ಮೋಲ್ ಪರಿಕಲ್ಪನೆಯ ಪುಟಗಳನ್ನು ಓದಿ. ಬಿಡಿಸಿಟ್ಟ ಮೂರು ಲೆಕ್ಕಗಳನ್ನು ನೋಡಿ, ಪುಸ್ತಕ ಮುಚ್ಚಿ, ನೀವೇ ಮತ್ತೆ ಬಿಡಿಸಿ. ಮರುದಿನ ಲೆಕ್ಕಶಾಸ್ತ್ರದ ಜರ್ನಲ್ ನಮೂದುಗಳನ್ನು ಹೀಗೆಯೇ ಮಾಡಿ. ಉತ್ತರ ಸರಿ ಬಂದಿತೇ ಎನ್ನುವುದಕ್ಕಿಂತ, ಮೂರನೆಯದು ತಪ್ಪಿದಾಗ ನಾಲ್ಕನೆಯದಕ್ಕೆ ಕೈ ಹೋಯಿತೋ ಮೊಬೈಲಿಗೆ ಹೋಯಿತೋ ನೋಡಿಕೊಳ್ಳಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಮಾತು. ವಿಜ್ಞಾನದ ತರಗತಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಚಿಂಚೋಳಿ ಕಡೆಯ ಹುಡುಗನೊಬ್ಬ ದ್ಯುತಿಸಂಶ್ಲೇಷಣೆಯನ್ನು ನಿದ್ದೆಯಲ್ಲೂ ವಿವರಿಸುತ್ತಿದ್ದ. ಮೇಷ್ಟ್ರು ಹೇಳುತ್ತಿದ್ದ ಫೋಟೊಸಿಂಥೆಸಿಸ್ ಅದೇ ಎಂದು ತಿಳಿಯಲು ಅವನಿಗೆ ಮೂರು ವಾರ ಬೇಕಾಯಿತು. ಬೇಸಿಗೆಯಲ್ಲೇ ಒಂದು ನೋಟ್‌ಬುಕ್ ಮಾಡಿ, ಎಡಕ್ಕೆ ವೇಗೋತ್ಕರ್ಷ, ಬಲಕ್ಕೆ ಆಕ್ಸಲರೇಷನ್ ಎಂದು ಬರೆಯುತ್ತಾ ಹೋಗಿ. ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದ್ದಕ್ಕೆ ಸಿಇಟಿಯಲ್ಲಿ ಮೀಸಲಾತಿಯೂ ಇದೆ, ಹಳ್ಳಿಯಲ್ಲಿ ಓದಿದ್ದಕ್ಕೂ ಇದೆ. ಜೊತೆಗೆ ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿ: ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ. ಅದರ ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿಗೆ ಪುರುಸೊತ್ತಿದ್ದಾಗಲೇ ಹೋಗಿ ಬನ್ನಿ, ಕೌನ್ಸೆಲಿಂಗ್ ಹಿಂದಿನ ದಿನವಲ್ಲ.

ಅಂಕ ಹೆಚ್ಚು ಸಿಗುತ್ತದೆಂದು ಸಂಸ್ಕೃತ ಹಾಕಿಸುವವರಿಗೆ ಒಂದು ನೆನಪು: ಭಾಷೆಯ ಅಂಕ 600ರಲ್ಲಿ ಸೇರುತ್ತದೆ, ಸಿಇಟಿ ರ‍್ಯಾಂಕಿಗೆ ಸೇರುವುದಿಲ್ಲ.

ಬಸ್ಸಿನ ವೇಳೆಯನ್ನೂ ವಿಷಯದಷ್ಟೇ ಗಂಭೀರವಾಗಿ ನೋಡಿ. ವಿಜ್ಞಾನವೆಂದರೆ ಪ್ರಯೋಗಾಲಯ; ಅದು ಮುಗಿಯುವ ಹೊತ್ತಿಗೆ ನಿಮ್ಮೂರಿನ ಬಸ್ ಹೋಗಿರುತ್ತದೆಯೇ? ಹೋಗಿರುತ್ತದೆಂದಾದರೆ ಹಾಸ್ಟೆಲ್ ಅರ್ಜಿಯನ್ನು ಇದೇ ದಿನ ಹಾಕಿ.

ಕಳೆದ ವರ್ಷ ಕೂಲರ್ ನೋಡುತ್ತಿದ್ದ ಹುಡುಗಿಯೊಬ್ಬಳಿಗೆ ಎರಡು ಪುಸ್ತಕ ಕೊಟ್ಟು ಕಳಿಸಿದೆ. ಮೂರನೇ ದಿನ ಅಪ್ಪನೊಂದಿಗೆ ಬಂದಳು, ನೋಟ್‌ಬುಕ್‌ನ ಹನ್ನೊಂದು ಪುಟ ಜರ್ನಲ್ ನಮೂದುಗಳಿಂದ ತುಂಬಿತ್ತು.

"ಇದರಲ್ಲಿ ಡಾಕ್ಟರ್ ಆಗುವುದಿಲ್ಲವೇ?" ಎಂದು ಅಪ್ಪ ನನ್ನನ್ನು ಕೇಳಿದರು.

"ಆಗುವುದಿಲ್ಲ ಅಪ್ಪಾ," ಎಂದಳು ಅವಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಶುಲ್ಕ ಎಷ್ಟೆಂದು ಕೇಳಿದರು.