ಚೌಕದ ತುಂಡು ಬಿಟ್ಟೆ, ಅಪ್ಪನ ಕೊಡಲಿ ಹಿಡಿಸಿದೆ

ಒಂಬತ್ತನೇ ಇಯತ್ತೆಯ ಹುಡುಗರ ಕೈಗೆ ಕಬ್ಬಿಣ ಉಜ್ಜಿ ಹರಿತ ಮಾಡುವ ಗ್ರೈಂಡರ್ ಕೊಡುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕಿದ್ದರು. ‘ಬೆರಳು ಹೋದರ ಯಾರ್ ಜವಾಬ್ದಾರ್ರೀ?’ ಅಂದಿದ್ದ ಗುರುಗಳೇ ಈಗ ಮನೆಯ ಈಳಿಗಿ ತಂದು ಹರಿತ ಮಾಡಿಸಿಕೊಂಡು ಹೋಗುತ್ತಾರೆ.

ಮೊದಲ ವರ್ಷ ಪೂರಾ ದಂಡ. ಐಟಿಐ ಪದ್ಧತಿಯಂತೆ ಎಂಎಸ್ ಫ್ಲಾಟ್ (ಸಾದಾ ಉಕ್ಕಿನ ಪಟ್ಟಿ) ಕೊಟ್ಟು ಫೈಲಿನಿಂದ, ಅಂದರೆ ಅರದಿಂದ, ತಿಕ್ಕಿಸಿ ಚೌಕ ಮಾಡಿಸಿದೆ. ಮೂರನೇ ದಿನಕ್ಕೇ ಆಕಳಿಕೆ. ಮೆತ್ತಗಿರಲಿ ಎಂದು ಅಲ್ಯೂಮಿನಿಯಂ ಕೊಟ್ಟರೆ ಫೈಲಿನ ಹಲ್ಲೆಲ್ಲ ಕಟ್ಟಿಕೊಂಡವು. ಹಾಗೆ ಕಟ್ಟದಿರಲು ಫೈಲಿಗೆ ಮೊದಲೇ ಚಾಕ್ ತಿಕ್ಕಬೇಕಿತ್ತು, ಮರೆತಿದ್ದೆ. ತೆಳು ಪೈಪು ಕೊಯ್ಯಲು ಹ್ಯಾಕ್ಸಾ ಗರಗಸಕ್ಕೆ ಇಂಚಿಗೆ 18 ಹಲ್ಲಿನ ಬ್ಲೇಡ್ ಹಾಕಿ ಒಂದೇ ವಾರದಲ್ಲಿ ಎರಡು ಡಜನ್ ಮುರಿದೆವು. ಸಣ್ಣ ಹಲ್ಲಿನ 32ರದ್ದು ತಂದ ಮೇಲೆ ಮುರಿಯುವುದು ನಿಂತಿತು.

ಖರ್ಚು? ತುಂಡು ಬಿಗಿದು ಹಿಡಿಯುವ ನಾಲ್ಕು ವೈಸ್, ಬೆಳಗಾವಿ ಉದ್ಯಮಬಾಗ್‌ನಲ್ಲಿ ಸಿಕ್ಕ 6 ಇಂಚಿನ ಹಳೇ ಬೆಂಚ್ ಗ್ರೈಂಡರ್, ಕನ್ನಡಕ ಎಲ್ಲ ಸೇರಿ 14,000ದ ಆಸುಪಾಸು. ಅದರಲ್ಲಿ 6,000 ನನ್ನ ಪಗಾರದ್ದು. ಮನೆಯಲ್ಲಿ 4,000 ಅಂತ ಹೇಳಿದ್ದೇನೆ.

ದಾರಿ ತೋರಿಸಿದವನು ಹಿಂದಿನ ಬೆಂಚಿನ ಒಬ್ಬ ಹುಡುಗ. ‘ಸರ, ನಮ್ಮಪ್ಪನ ಕೊಡಲಿ ತರ್ಲೇನ್ರೀ?’ ತಂದ. ಗಡಿಬಿಡಿಯಲ್ಲಿ ಗ್ರೈಂಡರಿಗೆ ಒತ್ತಿ ಹಿಡಿದ. ಬಾಯಿಯಂಚು ಕಾದು ಒಣಹುಲ್ಲಿನ ಬಣ್ಣಕ್ಕೆ ಬಂತು, ಕಂದಾಯಿತು, ನೋಡನೋಡುತ್ತ ನೀಲಿ. ಹದ, ಅಂದರೆ ಉಕ್ಕಿನ ಗಡಸು, ಹೋಯಿತು! ಮರುದಿನ ಜಾಲಿ ಕಡಿಯುವಾಗ ಆ ಬಾಯಿ ಮಡಚಿಕೊಂಡಿತಂತೆ. ಕಮ್ಮಾರರಲ್ಲಿ ಮತ್ತೆ ಹದ ಹಾಕಿಸಿದ 150 ರೂಪಾಯಿ ನನ್ನ ಕಿಸೆಯಿಂದಲೇ. ಆದರೆ ಆ ನೀಲಿಯನ್ನು ಇಡೀ ಕ್ಲಾಸು ನೋಡಿತ್ತಲ್ಲ, ಅಂದಿನಿಂದ ಗ್ರೈಂಡರ್ ಪಕ್ಕದ ಡಬ್ಬಿಯಲ್ಲಿ ಅದ್ದಿ ತಣಿಸುವ ನೀರು ಖಾಲಿಯಾದದ್ದೇ ಇಲ್ಲ. ಮನೆಯ ಕೊಡಲಿ ಕೆಟ್ಟರೆ ಅಪ್ಪ ಬೈಯುತ್ತಾನೆ. ಚೌಕದ ತುಂಡು ಕೆಟ್ಟರೆ ಯಾರಿಗೇನು?

ಆಮೇಲೆ ಕುರ್ಪಿ, ಗುದ್ದಲಿ, ಉಳಿ ಬರತೊಡಗಿದವು. ಜಡೆ ಕಟ್ಟಿ, ಓಢಣಿ ಬಿಗಿದು ಬಂದ ಹುಡುಗಿಯರ ಕೈ ಹುಡುಗರಿಗಿಂತ ಹಗುರ. ನೀಲಿ ಬರಿಸುವವರು ಕಡಿಮೆ. ಎಲ್ಲರದೂ ಒಂದೇ ಕೋನ ಬರಲೆಂದು ಗ್ರೈಂಡರಿನ ರೆಸ್ಟಿನ (ಹತಾರ ಆನಿಸುವ ಪಟ್ಟಿಯ) ಮೇಲೆ ಒಂದು ಮರದ ತುಂಡು ಕೂರಿಸಿದ್ದೇನೆ. ಅದರ ಅಳತೆ ಮಾತ್ರ ಕೇಳಬೇಡಿ.

ನಡುವೆ ಒಂದು ಹುಚ್ಚೂ ನಡೆಯಿತು. ಸವೆದ ಫೈಲನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿ ರಾತ್ರಿಯಿಡೀ ಬೂದಿಯಲ್ಲಿ ಹುಗಿದಿಟ್ಟೆವು. ಬೆಳಗ್ಗೆ ಹ್ಯಾಕ್ಸಾಗೆ ಸಲೀಸಾಗಿ ಕೊಯ್ಯಲು ಬಂತು. ಕುರ್ಪಿ ಮಾಡಿ, ಗಡಸಾಗಲೆಂದು ಮತ್ತೆ ಕಾಸಿ ಹಳೇ ಎಂಜಿನ್ ಆಯಿಲ್‌ಗೆ ಅದ್ದಿದಾಗ ಎದ್ದ ಹೊಗೆಗೆ ಹೆಡ್‌ಮಾಸ್ತರರು ಓಡಿ ಬಂದರು. ಪ್ರಯೋಗ ಬಂದ್. ಕುರ್ಪಿ ಶಾಲೆಯ ತೋಟದಲ್ಲಿದೆ.

ಇನ್ನು ಬೆರಳಿನ ಲೆಕ್ಕ. ಮೂರು ವರ್ಷದಲ್ಲಿ ರಕ್ತ ಬಂದದ್ದು ಒಮ್ಮೆ, ಹಿಡಿ ಹಾಕದ ಫೈಲು ತಿಕ್ಕುತ್ತಿದ್ದ ನನ್ನ ಅಂಗೈಯಿಂದ.