ಗಾಜಿಗೆ ಫಾಸ್ಫರ್ ಪುಡಿ ಕಚ್ಚಿ ನಿಲ್ಲಬೇಕಾದರೆ

ಹಳೆಯ ಟಿವಿಯ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬಿನ ಪರದೆಗೆ ಫಾಸ್ಫರ್ (ಎಲೆಕ್ಟ್ರಾನ್ ಬಡಿದಾಗ ಬೆಳಗುವ ಪುಡಿ) ಕೂರಿಸುವಾಗ ನಾನು ಹೆಚ್ಚು ಹೊತ್ತು ಕಳೆಯುವುದು ಗಾಜು ತೊಳೆಯುವುದರಲ್ಲೇ. ಕೆಲವೇ ಮೈಕ್ರಾನ್ ಗಾತ್ರದ ಕಣಕ್ಕೆ ಬೆರಳಿನ ಜಿಡ್ಡೂ ಅಡ್ಡಗೋಡೆ. ಡಿಟರ್ಜೆಂಟಿನಲ್ಲಿ ತೊಳೆದು, ಅಯಾನುರಹಿತ (ಕರಗಿದ ಲವಣ ತೆಗೆದ) ನೀರಿನಲ್ಲಿ ಜಾಲಿಸಿ, ಓರೆಯಾಗಿ ಹಿಡಿದು ನೋಡಿ. ನೀರು ಒಂದೇ ಪದರವಾಗಿ ಇಳಿದರೆ ಸರಿ, ಹನಿಹನಿಯಾಗಿ ಒಡೆದರೆ ಮತ್ತೆ ತೊಳೆಯಿರಿ. ಇಲ್ಲಿ ರಾಜಿ ಬೇಡ.

ಗಾಜಿನ ಮೇಲೆ ಬೇರಿಯಂ ನೈಟ್ರೇಟಿನ ತೆಳು ದ್ರಾವಣ ತುಂಬಿ (ವಿಷ, ಕೈಗವಸು ಇರಲಿ). ಪೊಟ್ಯಾಸಿಯಂ ಸಿಲಿಕೇಟಿನಲ್ಲಿ ಕದಡಿದ ಫಾಸ್ಫರನ್ನು ಮೇಲಿನಿಂದ ಸಮನಾಗಿ ಸುರಿಯಿರಿ. ಪುಡಿ ತಳ ಸೇರುತ್ತಿದ್ದಂತೆ ಸಿಲಿಕೇಟ್ ಜೆಲ್ ಆಗಿ ಕಣವನ್ನು ಗಾಜಿಗೂ ಪಕ್ಕದ ಕಣಕ್ಕೂ ಬೆಸೆಯುತ್ತದೆ. ಬೇರಿಯಂ ಹೆಚ್ಚಾದರೆ ಪುಡಿ ಗಂಟು ಕಟ್ಟುತ್ತದೆ, ಕಡಿಮೆಯಾದರೆ ಹಿಡಿತವೇ ಬರದು. ಅಲುಗಾಡಿಸದೆ ಬಿಡಿ. ತಿಳಿನೀರನ್ನು ನಿಧಾನವಾಗಿ ಬಗ್ಗಿಸಿ. ಅವಸರಪಟ್ಟರೆ ಪದರ ಜಾರಿ ಗೆರೆ ಬೀಳುತ್ತದೆ.

ಒದ್ದೆ ಹಿಡಿತ ಬೇರೆ, ಒಣ ಹಿಡಿತ ಬೇರೆ. ಒದ್ದೆಯದನ್ನು ಅಳೆಯಲು ಮಾದರಿ ಗಾಜೊಂದಕ್ಕೆ ನಿಗದಿತ ದೂರದಿಂದ ಸಣ್ಣ ನೀರಿನ ಚಿಲುಮೆ ಹಾಯಿಸಿ, ಪದರದಲ್ಲಿ ತೂತು ಬೀಳುವವರೆಗೆ ಒತ್ತಡ ಏರಿಸಿ ಬರೆದಿಟ್ಟುಕೊಳ್ಳಿ. ಟೇಪ್ ಅಂಟಿಸಿ ಕೀಳುವ ಪರೀಕ್ಷೆಯನ್ನು ನಾನು ನೆಚ್ಚುವುದಿಲ್ಲ: ಪುಡಿಪದರದ ಮೇಲ್ಭಾಗ ಹೇಗಿದ್ದರೂ ಕಿತ್ತು ಬರುತ್ತದೆ, ಗಾಜಿನ ಹಿಡಿತದ ಬಗ್ಗೆ ಏನೂ ಹೇಳುವುದಿಲ್ಲ.

ಆಮೇಲೆ ಬಿಸಿಗಾಳಿಯಲ್ಲಿ ಒಣಗಿಸಿ.

ಒಣಗಿದ ಮೇಲೂ ಪುಡಿ ಉದುರಿದರೆ ಮೊದಲು ಸಿಲಿಕೇಟ್ ಬಾಟಲಿ ನೋಡಿ. ಮುಚ್ಚಳ ತೆರೆದಿಟ್ಟಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದು ಬಾಟಲಿಯಲ್ಲೇ ಜೆಲ್ ಆಗತೊಡಗಿರುತ್ತದೆ.